ಹದಿನೇಳನೇ ನಂಬರಿನ ಚೆರ್ರಿ ಗಿಡ

ಆ ಮಂಗಳವಾರ ಬೆಳಿಗ್ಗೆ ಲಂಡನ್ನಿನ ಹ್ಯಾರೋದ ಮೇಲೆ ಮೋಡ ಕವಿದಿತ್ತು. ಹನಿ ಮಾತ್ರ ಬೀಳಲಿಲ್ಲ. ಜುಲೈ ತಿಂಗಳು. ಮೂರು ವಾರದಿಂದ ಮಳೆಯಿಲ್ಲ. ಹದಿನೇಳನೇ ನಂಬರಿನ ಮನೆಯೆದುರು, ಫುಟ್‌ಪಾತಿನ ಅಂಚಿನಲ್ಲಿ, ಪುಟ್ಟ ಬೇಲಿಯೊಳಗೆ ಚೆರ್ರಿ ಗಿಡವೊಂದು ನಿಂತಲ್ಲೇ ಸಾಯುತ್ತಿತ್ತು.

ಗಾಳಿ ಶುದ್ಧವಾಗಲಿ, ಬೀದಿ ತಂಪಾಗಲಿ ಎಂದು ಕೌನ್ಸಿಲ್ ಕಳೆದ ಚಳಿಗಾಲದಲ್ಲಿ ನೆಟ್ಟ ಗಿಡ ಅದು. ಯಾರೋ ವಿಷ ಹಾಕಿದ್ದಾರೆಂದು ದೂರು ಬಂದಿತ್ತು. ಕೌನ್ಸಿಲ್ಲಿನ ಗಿಡಮರಗಳ ಇನ್‌ಸ್ಪೆಕ್ಟರ್ ಪ್ರತೀಕ್ಷಾ ಮೊಣಕಾಲೂರಿ ಕುಳಿತಳು. ಎಲೆಗಳ ಅಂಚು ಸುಟ್ಟಂತೆ ಕಂದಿತ್ತು. ಬುಡದ ಮಣ್ಣಿನ ಮೇಲೆ ತೆಳ್ಳಗೆ ಬಿಳಿ. ಮಣ್ಣು ಪರೀಕ್ಷಿಸುವ ಮೀಟರಿನ ಕಡ್ಡಿ ಚುಚ್ಚಿದಳು.

ವಿಷವಲ್ಲ. ಉಪ್ಪು.

"ಈ ಹದಿನೇಳರ ಬೊನಿಫಾಸ್ ಬಿಟ್ರ ಇನ್ಯಾರು ಮೇಡಂ?" ಎಂದ ಎದುರುಮನೆಯ ಶಂಕರ. ದೂರು ಕೊಟ್ಟವನು ಅವನೇ. "ಅವನ ಕಾರಿಗೆ ಈ ಗಿಡ ಅಡ್ಡ. ಬೀದಿಗೆಲ್ಲಾ ಗೊತ್ತೈತಿ."

* * *

ಬೊನಿಫಾಸ್ ಉಡುಪಿ ಕಡೆಯವನು, ಟ್ಯಾಕ್ಸಿ ಓಡಿಸುವವನು. ವಾಹನಗಳ ಹೊಗೆಯ ನಿಯಮ ಬಿಗಿಯಾದ ಮೇಲೆ ಎಲೆಕ್ಟ್ರಿಕ್ ಕಾರು ಕೊಂಡಿದ್ದ. ಅದನ್ನು ಅಂಗಳಕ್ಕೆ ತಂದು ಚಾರ್ಜ್ ಮಾಡಲು ಗಿಡ ಬಿಡುತ್ತಿರಲಿಲ್ಲ.

"ಗಿಡಕ್ಕೆ ಬೈದದ್ದು ಹೌದು ಮೇಡಂ. ಬೈಯುದು ಬೇರೆ, ಕೊಲ್ಲುದು ಬೇರೆ ಅಲ್ವಾ?"

"ಗ್ಯಾರೇಜಲ್ಲಿ ಉಪ್ಪಿನ ಚೀಲ ಇದೆಯಂತೆ."

"ಉಂಟು. ಜನವರಿಯಲ್ಲಿ ಹಿಮ ಬಿದ್ದಾಗ ಅದು ಕರಗಲಿ ಅಂತ ಮೆಟ್ಟಿಲಿಗೆ ಹಾಕ್ಲಿಕ್ಕೆ ತಂದದ್ದು. ನೋಡಿ ಬೇಕಾದ್ರೆ."

ಪ್ರತೀಕ್ಷಾ ಒಂದು ಹಿಡಿ ತೆಗೆದು ನೋಡಿದಳು. ಕಂದು ಬಣ್ಣ, ತುಂಬ ಮರಳು. ಬುಡದಲ್ಲಿದ್ದದ್ದು ಅಚ್ಚ ಬಿಳಿ, ಅಡುಗೆಮನೆಯದು.

"ಕೇಸಾದ್ರೆ ನನ್ನ ಟ್ಯಾಕ್ಸಿ ಲೈಸೆನ್ಸಿಗೇ ಕುತ್ತು," ಎಂದ ಬೊನಿಫಾಸ್. ಚೀಲದ ಬಾಯಿ ಕಟ್ಟಿದ. "ಅದಕ್ಕಿಂತ... ದಿನಾ ಮಾತಾಡ್ತಿದ್ದವರು ಈಗ ಮುಖ ತಿರುಗಿಸ್ತಾರೆ ಮಾರಾಯ್ರೆ."

* * *

ಪ್ರತೀಕ್ಷಾ ಮತ್ತೆ ಬುಡ ಕೆದಕಿದಳು. ಸಾಸಿವೆ ಕಾಳು. ಸಿಡಿದಿಲ್ಲ, ಹಸಿ. ಜೊತೆಗೆ ಮುರಿಯದ ಎರಡು ಒಣಮೆಣಸಿನಕಾಯಿ. ಅವಳು ಅವನ್ನು ಅಂಗೈಯಲ್ಲಿಟ್ಟು ಮುಷ್ಟಿ ಕಟ್ಟಿದಳು. ತನ್ನ ತಲೆಯ ಸುತ್ತ ಸುಳಿಯುತ್ತಿದ್ದ ಮೈಸೂರಿನ ಅಜ್ಜಿಯ ಮುಷ್ಟಿ ನೆನಪಾಯಿತು.

"ಶಂಕರ ಅವರೇ, ಗಿಡಕ್ಕೆ ನೀರು ಯಾರು ಹಾಕ್ತಾರೆ?"

"ನಮ್ಮವ್ವ. ಬೆಳಕು ಹರಿಯೂದ್ರೊಳಗ ಹೋಗಿ ಹಾಕ್ತಾಳ. ಅಕಿಗೆ ಅದು ಮಗಳಿದ್ದಂಗ."

ಶಂಕರನ ತಾಯಿ ಕಾಶವ್ವ ತಮ್ಮ ಗೇಟಿನ ಬಳಿಯೇ ಜಪಸರ ಹಿಡಿದು ಕುಳಿತಿದ್ದಳು.

"ಅಜ್ಜಿ, ಗಿಡಕ್ಕೆ ದೃಷ್ಟಿ ತೆಗೀತಿದ್ರಾ?"

"ಹೌದವಾ!" ಮುದುಕಿಯ ಮುಖ ಅರಳಿತು. "ಹೂ ಬಿಟ್ಟಾಗ ಎಷ್ಟ ಮಂದಿ ನಿಂತು ಫೋಟೋ ಹೊಡಕೊಂಡ್ರು! ಮುಂದ ಬಿಸಲಿಗೆ ಎರಡ ಎಲಿ ಬಾಡಿದ್ವು. ಕಣ್ಣು ಬಿತ್ತು ಅಂತ ಉಪ್ಪು, ಸಾಸಿವಿ, ಮೆಣಸಿನಕಾಯಿ ನಿವಾಳಿಸಿದೆ."

"ಆಮೇಲೆ?"

"ಊರಾಗಾಗಿದ್ರ ಒಲಿಗೆ ಹಾಕ್ತಿದ್ದೆ. ಇಲ್ಲಿ ಹೊಗಿ ಎದ್ರ ಆ ಅಲಾರಾಮು ಬಾಯಿ ಬಡಕೋತೈತಿ. ಅದಕ್ಕ ನೀರಾಗ ಕರಗಿಸಿ ಯಾರೂ ತುಳಿಯಲಾರದ ಜಾಗಾದಾಗ ಚೆಲ್ಲತಿದ್ದೆ. ಗಿಡದ ಬೇಲಿಯೊಳಗ ಯಾರು ಕಾಲಿಡ್ತಾರ?"

"ಎಷ್ಟು ಸಲ?"

"ಐತ್ವಾರ, ಮಂಗಳವಾರ. ಗಿಡ ಬಾಡಿದಂಗೆಲ್ಲಾ ಉಪ್ಪು ಹೆಚ್ಚ ಮಾಡಿದೆ."

ಹೇಳುತ್ತ ಹೇಳುತ್ತ ಕಾಶವ್ವನ ದನಿ ಇಳಿಯಿತು. ಪ್ರತೀಕ್ಷಾ ಅವಳ ಪಕ್ಕದಲ್ಲಿ ಕುಳಿತಳು.

"ಅಡುಗೆಯ ಕಸವಾಗಿದ್ರೆ ಸಾಸಿವೆ ಸಿಡಿದಿರ್ತಿತ್ತು. ಗಿಡ ಕೊಲ್ಲೋರು ಉಪ್ಪು ಮಾತ್ರ ಹಾಕ್ತಾರೆ ಅಜ್ಜಿ. ಜೊತೆಗೆ ಸಾಸಿವೆ, ಮೆಣಸಿನಕಾಯಿ ಹಾಕೋರು ಅದು ಬದುಕಲಿ ಅಂತ ಬೇಡ್ಕೊಳ್ಳೋರು."

"ನಾನ ಕೊಂದೆನೇನವಾ?"

ಪ್ರತೀಕ್ಷಾ ಎದ್ದು ಹೋಗಿ ತೊಗಟೆಯನ್ನು ಉಗುರಿನಿಂದ ಕೆರೆದಳು. ಒಳಗೆ ಹಸಿರಿತ್ತು. "ಇನ್ನೂ ಜೀವ ಇದೆ. ಬರೀ ನೀರು ಹಾಕಿ, ಬಕೆಟ್‌ಗಟ್ಟಲೆ. ಉಪ್ಪು ಕೆಳಗೆ ಇಳಿದುಹೋದ್ರೆ ಬದುಕಬಹುದು." ಫೈಲಿನಲ್ಲಿ ಬರೆದಳು: ಅಪರಾಧವಿಲ್ಲ.

ಕಾಶವ್ವ ಗಿಡಕ್ಕೆ ಕೈಮುಗಿದಳು. ಆಮೇಲೆ ಹದಿನೇಳನೇ ನಂಬರಿನ ಕಡೆ ನೋಡಿದಳು.

"ಬೊನಿಫಾಸನ ಕಣ್ಣು ಬಿದ್ದೈತಿ ಅಂತ ಮನಿಮನಿಗೆ ಹೇಳಿದಾಕಿ ನಾನು. ಬಾಯಿಂದ ಬಾಯಿಗೆ ಅದು ವಿಷ ಅಂತ ಆತು."

"ತಪ್ಪಾತಂತ ಬೀದಿ ವಾಟ್ಸಾಪ್ ಗ್ರೂಪಿಗೆ ಹಾಕ್ತೀನಿ, ಬಿಡವ್ವ," ಎಂದ ಶಂಕರ, ತಲೆ ತಗ್ಗಿಸಿ.

"ನಾ ಬಾಯಿಲೆ ಹೇಳಿದ್ದು. ಬಾಯಿಲೇ ಹೇಳಬೇಕು. ನೀ ಬಾ, ಇಂಗ್ಲಿಷಿನ್ಯಾಗ ಹೇಳಾಕ."

ಆರು ಬಾಗಿಲು ತಟ್ಟಿದರು. ಏಳನೆಯದು ಬೊನಿಫಾಸನದು.

"ನಿನ್ನ ಚಲೋ ಹೆಸರು ನಾನ ಕಳದಿದ್ದೆಪಾ," ಎಂದಳು ಕಾಶವ್ವ ಮೆಲ್ಲಗೆ. "ಆರೂ ಮನಿಂದ ತಿರುಗಿ ತಂದೀನಿ. ತಗೋ."