ಎರಡು ಗಿಡ್ಡ, ಒಂದು ಉದ್ದ

“ಏಯ್ ನಂಜಮಣಿ! ಮೊದ್ಲನೇ ದಿನಾನೇ ಲೇಟಾ? ಗಾಡಿ ಅಲ್ಲೇ ಬುಟ್ಟು ಮನೆಗೋಗು!”

ನಂಜಮಣಿಯ ಕೈಯಿಂದ ಪೊರಕೆ ಜಾರಿ ಬಿತ್ತು.

ಅಯ್ಯೋ ದೇವ್ರೇ… ಮೇಸ್ತ್ರಿ!

“ತಪ್ಪಾಯ್ತು ಮೇಸ್ತ್ರಿ… ಅವ್ವಂಗೆ ಮಂಡಿ ನೋವು, ಬಿಸ್ನೀರು ಕಾಯ್ಸಿ ಕೊಟ್ಟು ಬರೋವಷ್ಟರಲ್ಲಿ…” ಕಣ್ಣೊರೆಸಿಕೊಂಡು ತಿರುಗಿ ನೋಡಿದರೆ ಅಲ್ಲಿ ಮೇಸ್ತ್ರಿಯೇ ಇಲ್ಲ! ಖಾಕಿ ಅಂಗಿಯ ಹುಡುಗನೊಬ್ಬ ತನ್ನ ಕಸದ ಗಾಡಿಗೆ ಮೊಣಕೈ ಊರಿಕೊಂಡು ಹಲ್ಲು ಕಿರಿಯುತ್ತಿದ್ದ.

“ಹುಡುಕ್ಬೇಡ. ಮೇಸ್ತ್ರಿ ಇಲ್ಲೇ ಅವ್ರೆ… ನನ್ ಗಂಟ್ಲೊಳಗೆ!”

ಬಿದ್ದ ಪೊರಕೆ ಮರುಕ್ಷಣವೇ ಎದ್ದಿತು. ಕುಂಬಾರಕೊಪ್ಪಲಿನ ಆ ಬೀದಿಯಲ್ಲಿ ಬೆಳಗಿನ ಆರೂವರೆಗೆ ಆ ಹುಡುಗ ಮಹದೇವು ತಿಂದ ಪೊರಕೆ ಏಟು ಒಟ್ಟು ಮೂರು. ಮೂರಕ್ಕೂ ಅವನು ಮೂರು ಬೇರೆ ಬೇರೆ ದನಿಯಲ್ಲಿ “ಅಯ್ಯಪ್ಪೋ” ಅಂದ.

ಮೂರನೆಯದಕ್ಕೆ ನಂಜಮಣಿಗೆ ನಗು ತಡೆಯಲಾಗಲಿಲ್ಲ.

ಮಹದೇವು ಪಕ್ಕದ ಲೈನಿನವನು. ಮನೆಮನೆ ಕಸ ಎತ್ತುವವರ ಮಾತಿನಲ್ಲಿ ಲೈನ್ ಎಂದರೆ ಒಬ್ಬೊಬ್ಬರ ಪಾಲಿನ ಬೀದಿಗಳು. ನಂಜಮಣಿಗೆ ಸಿಕ್ಕಿದ್ದು ಅವಳವ್ವ ಶಿವನಂಜಮ್ಮ ಹದಿನಾಲ್ಕು ವರ್ಷ ಗುಡಿಸಿದ ಲೈನು. ಜೊತೆಗೆ ಅವ್ವನ ಕೊರಳಿನ ಹಿತ್ತಾಳೆ ಸೀಟಿ.

“ಆ ಸೀಟಿ ಹುಷಾರು ಕಣಮ್ಮ,” ಎಂದ ಮಹದೇವು. “ವೃಷಭೇಂದ್ರಪ್ಪ ಮೇಸ್ತ್ರಿ ಟೀ ಅಂಗಡಿ ಬೆಂಚು ಬುಟ್ಟು ಏಳಲ್ಲ. ಹಾಜರಿ ಹಾಕೋದು ಕಿವೀಲಿ! ನಿಮ್ಮವ್ವಂದು ಎರಡು ಗಿಡ್ಡ, ಒಂದು ಉದ್ದ. ನನ್ದು ಒಂದು ಉದ್ದ, ಮೂರು ಗಿಡ್ಡ. ಸೀಟಿ ಕೇಳ್ತಾ… ಹಾಜರ್. ಮೂರು ದಿನ ಕೇಳ್ಲಿಲ್ವಾ… ಲೈನು ಇನ್ನೊಬ್ರಿಗೆ. ಕಂಟ್ರಾಕ್ಟು ಕೆಲಸ ನೋಡು.”

“ನೀನ್ಯಾಕೆ ಇಷ್ಟೊತ್ತು ನನ್ ಬೀದೀಲಿ ನಿಂತಿದೀಯ? ಲೈನ್ ಹೊಡೀತಿದೀಯಾ?”

“ಛೆ ಛೆ, ಲೈನ್ ಗುಡಿಸ್ತಿದೀನಿ!”

ಎಂಥ ಬಾಯಿ ಇವನದು! ನಂಜಮಣಿ ಮುಖ ತಿರುಗಿಸಿದಳು. ಆದರೆ ಅವತ್ತಿನಿಂದ ಅವಳ ಕಿವಿ ಸದಾ ಪಕ್ಕದ ಬೀದಿಯಲ್ಲೇ ಇರುತ್ತಿತ್ತು. ಒಂದು ಉದ್ದ, ಮೂರು ಗಿಡ್ಡ… ಹಾ, ಬಂದ.

ಮಹದೇವು ಮಾಡದ ದನಿಯಿರಲಿಲ್ಲ. ಅವನು ಕುಕ್ಕರ್ ಕೂಗು ಹಾಕಿದರೆ ಕಸ ಹಾಕಲು ಬಂದ ಹೆಂಗಸರು ಬುಟ್ಟಿ ಬಿಟ್ಟು ಅಡುಗೆಮನೆಗೆ ಓಡುತ್ತಿದ್ದರು. ಗಣಪತಿ ಕೂರಿಸುವ ಕಡೆಯಲ್ಲೆಲ್ಲ ಅವನದೊಂದು ಮಿಮಿಕ್ರಿ ಇದ್ದೇ ಇರುತ್ತಿತ್ತು.

ಜುಲೈನ ಒಂದು ಬೆಳಿಗ್ಗೆ ಅವನು ಗಾಡಿ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ಥೇಟ್ ಮೇಸ್ತ್ರಿಯ ದನಿಯಲ್ಲಿ ಹೇಳಿದ: “ನೋಡಮ್ಮ ನಂಜಮಣಿ, ಈ ಮಹದೇವು ಒಳ್ಳೆ ಹುಡುಗ. ಮದ್ವೆ ಮಾಡ್ಕೊಂಬುಡು!”

ನಂಜಮಣಿ ಗುಡಿಸುವುದನ್ನು ನಿಲ್ಲಿಸಿದಳು. ಅಷ್ಟಕ್ಕೇ ಬಿಡಲಿಲ್ಲ.

“ಮೇಸ್ತ್ರಿ ಹೇಳಿದ್ದು ಕೇಳಿಸ್ತು. ನಿನ್ ಸ್ವಂತ ದನೀಲಿ ಹೇಳು ನೋಡೋಣ.”

ಅವನು ಬಾಯಿ ತೆರೆದ. ಮುಚ್ಚಿದ. ಕಿವಿಯೆಲ್ಲ ಕೆಂಪಾಯಿತು. ನೂರು ದನಿಯ ಗಂಟಲಿನಲ್ಲಿ ಅವನ ದನಿಯೊಂದೇ ಸಿಕ್ಕಿಕೊಂಡಿತ್ತು! ಗಾಡಿ ತಳ್ಳಿಕೊಂಡು ಓಡಿಯೇಹೋದ.

ಹೇಳ್ತಾನೆ… ಗಣಪತಿ ಹಬ್ಬದೊಳಗೆ ಹೇಳೇ ಹೇಳ್ತಾನೆ, ಎಂದುಕೊಂಡಳು ನಂಜಮಣಿ.

ಹಬ್ಬಕ್ಕೆ ಮೊದಲೇ ಜ್ವರ ಬಂತು.

2009ರ ಆಗಸ್ಟ್. ಪೇಪರಿನಲ್ಲೂ ಟಿವಿಯಲ್ಲೂ ಹಂದಿ ಜ್ವರದ್ದೇ ಸುದ್ದಿ. ಶಾಲೆಗೆ ರಜೆ, ಮೂಗಿಗೆ ಮಾಸ್ಕು. ಪಾಪದ ಹಂದಿಗಳು ಎಲ್ಲಿದ್ದವೋ ಏನೋ… ಕೊಪ್ಪಲಿನ ಜನ ಬಾಗಿಲು ಹಾಕಿಕೊಂಡದ್ದು ಮಾತ್ರ ನಂಜಮಣಿಯ ಮುಖ ಕಂಡು.

ದಿನಾ ಚೊಂಬಿನಲ್ಲಿ ನೀರು ಕೊಡುತ್ತಿದ್ದ ಮನೆಯಾಕೆ ಕಿಟಕಿಯಿಂದಲೇ ಹೇಳಿದರು: “ಊರ ಕಸ ಎಲ್ಲಾ ಮುಟ್ಟೋಳು ನೀನು. ಇನ್ಮೇಲೆ ಗೇಟು ಮುಟ್ಬೇಡ ಕಣಮ್ಮ.”

ಗೇಟಿನ ಹೊರಗೆ ಆಕೆ ಇಟ್ಟಿದ್ದ ಚೀಲದ ತುಂಬ ಬಳಸಿ ಬಿಸಾಕಿದ ಮಾಸ್ಕು, ಮೂಗೊರೆಸಿದ ಕಾಗದ. ಪುಣೆಯಿಂದ ಬಂದ ಮಗಳು ಒಳಗೆ ಕೆಮ್ಮುತ್ತಿದ್ದುದನ್ನು ಆಕೆ ಹೇಳಲಿಲ್ಲ. ನಂಜಮಣಿ ಅದನ್ನು ಬರಿಗೈಯಲ್ಲಿ ಎತ್ತಿ ಗಾಡಿಗೆ ಹಾಕಿದಳು. ಗ್ಲೌಸು ನಾಳೆ ಬರುತ್ತೆ ಅಂತ ಕಂಟ್ರಾಕ್ಟರ್ ಹೇಳಿ ಹತ್ತು ನಾಳೆಗಳಾಗಿದ್ದವು. ಒಬ್ಬೊಬ್ಬರಿಗೆ ಒಂದೊಂದು ಮಾಸ್ಕು ಕೊಟ್ಟಿದ್ದರು. ಅದನ್ನೂ ಸೀಟಿ ಊದಲು ಮನೆಮನೆಗೂ ಕೆಳಗಿಳಿಸಬೇಕು!

ಅದಾದ ನಾಲ್ಕನೆಯ ದಿನ ನಂಜಮಣಿ ಬೀದಿಯ ಕೊನೆಯಲ್ಲಿ ಗಾಡಿಗೆ ಒರಗಿ ಕುಸಿದಳು.

ಆಮೇಲಿನದು ಅವಳಿಗೆ ಚೂರುಚೂರಾಗಿ ಮಾತ್ರ ನೆನಪು. ಸುಡುವ ಮೈ. ಒಂದು ಕುಲುಕಾಟ. ತಲೆಯ ಮೇಲೆ ಓಡುವ ಆಕಾಶ. ಮತ್ತೆ ಆಂಬುಲೆನ್ಸಿನ ಸೈರನ್ನು… ಕಿವಿ ತುಂಬ, ದಾರಿಯುದ್ದಕ್ಕೂ.

ಪರ್ವಾಗಿಲ್ಲ… ನಮ್ಮಂಥೋರಿಗೂ ಆಂಬುಲೆನ್ಸ್ ಬರುತ್ತೆ…

ದೊಡ್ಡಾಸ್ಪತ್ರೆಯಲ್ಲಿ ಹಂದಿ ಜ್ವರದವರನ್ನು ಬೇರೆ ಇಟ್ಟ ವಾರ್ಡಿನಲ್ಲಿ ಕಣ್ಣು ಬಿಟ್ಟಾಗ ಕೊರಳಲ್ಲಿ ಸೀಟಿ ಇರಲಿಲ್ಲ.

ಒಂದು ದಿನ. ಎರಡು ದಿನ. ಮೂರನೇ ದಿನ ಅವಳು ಗೋಡೆಗೆ ಮುಖ ಮಾಡಿ ಅತ್ತಳು. ಲೈನು ಹೋಯ್ತು! ಅವ್ವನ ಹದಿನಾಲ್ಕು ವರ್ಷ ಹೋಯ್ತು. ಇನ್ನು ಅವ್ವನ ಔಷಧಿ, ಇಬ್ಬರ ಅನ್ನ?

ಅದಕ್ಕಿಂತ ಜಾಸ್ತಿ ಸುಟ್ಟದ್ದು ಇನ್ನೊಂದು. ದಿನಾ ಕಿಟಕಿಯಾಚೆ ಕಿವಿಗೊಟ್ಟು ಮಲಗಿದರೂ ಮಹದೇವು ಒಮ್ಮೆಯೂ ಬರಲಿಲ್ಲ. ಬದುಕಿದೀಯಾ, ಸತ್ತಿದೀಯಾ ಅಂತ ಕೇಳಲಿಲ್ಲ…

ಎಂಟನೇ ದಿನ ಬಿಟ್ಟರು. ಮನೆಗೂ ಹೋಗದೆ ಸೀದಾ ಕೊಪ್ಪಲಿಗೆ ಬಂದಳು. ಬೀದಿ ತಿರುಗುವ ಮೊದಲೇ ಕೇಳಿಸಿತು.

ಎರಡು ಗಿಡ್ಡ. ಒಂದು ಉದ್ದ.

ಅವಳ ಸೀಟಿ! ಅವಳ ಗಾಡಿ! ತಳ್ಳುತ್ತಿದ್ದವನು ಮಹದೇವು.

ಓಹೋ… ಅದಕ್ಕೇ ಬರಲಿಲ್ಲ. ನಾನು ಮಲಗಿದ್ದೇ ಇವನಿಗೆ ಅನುಕೂಲವಾಯ್ತು!

“ಥೂ ನಿನ್ನ!” ಎಂದು ಅವಳು ಕಿರುಚಿದ ರಭಸಕ್ಕೆ ನಾಲ್ಕು ಮನೆಯ ಕಿಟಕಿ ತೆರೆದವು. “ಹೆಣ ಬೀಳೋದನ್ನೇ ಕಾಯ್ತಿದ್ಯೇನೋ? ನಮ್ಮವ್ವನ ಲೈನು ಕಿತ್ಕೊಂಬುಟ್ಟೆಯಲ್ಲೋ!”

“ನಂಜೂ…” ಅವನ ದನಿ ಒಡೆದಿತ್ತು. ಮುಖ ಕೆಂಡದಂತೆ ಕೆಂಪಗಿತ್ತು. ಕೆಮ್ಮು ಬಂತು, ಮಾತು ಬರಲಿಲ್ಲ.

“ಇದ್ಯಾರ ದನಿ? ಪಾಪದವರ ಮಿಮಿಕ್ರಿನಾ?” ಅವನ ಕೊರಳಿನಿಂದ ಸೀಟಿ ಕಿತ್ತುಕೊಂಡಳು. “ನೂರು ದನಿ ಮಾಡಿ ಜನರನ್ನ ಮರುಳು ಮಾಡೋ ಆ ಗಂಟ್ಲು ಕಟ್ಟೋಗ್ಲಿ! ಒಂದು ದನೀನೂ ಬರ್ದಂಗಾಗ್ಲಿ!”

ಮಹದೇವು ಏನೋ ಹೇಳಲು ಕೈಯೆತ್ತಿದ. ನಿಲ್ಲಲಾರದೆ ಮತ್ತೆ ಗಾಡಿಯ ಹಿಡಿಗೇ ಜೋತುಬಿದ್ದುದನ್ನು ಅವಳು ನೋಡಿದಳು. ನೋಡಿಯೂ ತಿರುಗಿ ನಡೆದಳು.

ಟೀ ಅಂಗಡಿಯಲ್ಲಿ ವೃಷಭೇಂದ್ರಪ್ಪನವರ ಮುಂದೆ ಕೈಮುಗಿದು ನಿಂತಳು. “ಮೇಸ್ತ್ರಿ, ನನ್ ಲೈನು ನನ್ಗೆ ಕೊಡಿಸಿ. ಎಂಟು ದಿನ ಬರಕ್ಕಾಗ್ಲಿಲ್ಲ, ಜ್ವರ…”

ಮೇಸ್ತ್ರಿ ಹಾಜರಿ ಪುಸ್ತಕ ಬಿಡಿಸಿದರು. ನಂಜಮಣಿಯ ಹೆಸರಿನ ಮುಂದೆ ಎಂಟು ದಿನವೂ ಹಾಜರ್.

“ದಿನಾ ನಿನ್ ಸೀಟಿ ಕೇಳಿದೀನಲ್ಲಮ್ಮ ನಾನು.”

“ಅದು… ಅದು ನಾನಲ್ಲ ಮೇಸ್ತ್ರಿ…”

“ಗೊತ್ತು.” ಅವರು ಲೋಟದೊಳಗೆ ನೋಡುತ್ತಾ ಹೇಳಿದರು. “ನನ್ ಕೆಲಸ ಕಿವೀದು. ಕಣ್ಣು ಬಿಟ್ಟು ನೋಡು ಅಂತ ಯಾರೂ ಹೇಳಿಲ್ಲ ನನ್ಗೆ.”

ಪಕ್ಕದಲ್ಲಿ ಬನ್ನು ತಿನ್ನುತ್ತಿದ್ದ, ಅದೇ ಕೆಲಸದ ಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ. “ಎರಡು ಲೈನು ಎಳೀತಾ ಅವ್ನೆ ಕಣವ್ವ ಒಬ್ನೇ! ತನ್ನದು ಮುಗಿಸಿ ನಿನ್ದು. ತನ್ ಪ್ಲಾಸ್ಟಿಕ್ ಸೀಟಿ ಊದಿದ್ರೆ ಸದ್ದು ಬೇರೆ ಅಂತ ನಿನ್ನದನ್ನೇ ಊದ್ದ. ಜ್ವರದ ಬಾಯಿಂದ ಬಂದದ್ದು ಕಣೋ, ಬೇಡ ಅಂದೆ. ಕೊಳಾಯಿಗೆ ಹಿಡಿದು ಒಂದ್ಸಲ ಜಾಲಿಸಿ ಬಾಯಿಗಿಟ್ಕೊಂಡ. ನಾಲ್ಕು ದಿನದಿಂದ ಅವನ್ಗೂ ಮೈ ಸುಡ್ತಾ ಅದೆ. ಮಲಿಕ್ಕೋ ಅಂದ್ರೆ, ‘ನಂಜು ಬರ್ಲಿ ಅಕ್ಕ, ಲೈನು ಅವಳ ಕೈಗೆ ಕೊಟ್ಟು ಮಲಿಕ್ಕೋತೀನಿ’ ಅಂತಾನೆ!”

ನಂಜಮಣಿ ಕೈಯಲ್ಲಿದ್ದ ಸೀಟಿಯನ್ನು ನೋಡಿದಳು.

“ಆದ್ರೆ ಅಕ್ಕ… ಆಸ್ಪತ್ರೆಗೆ ಒಂದ್ಸಲಾನೂ…”

“ನಿನ್ನ ಆಸ್ಪತ್ರೆಗೆ ಸೇರಿಸ್ದೋರು ಯಾರು ಅನ್ಕೊಂಡಿದ್ದೀ?”

“ಆಂಬುಲೆನ್ಸ್…”

“ಯಾವ ಆಂಬುಲೆನ್ಸು! ಒಬ್ಬ ಆಟೋದವನೂ ಹತ್ತಿಸ್ಕೊಳ್ಳಲಿಲ್ಲ. ಕಸದ ಗಾಡಿ ತೊಳೆದು, ತನ್ ಅಂಗಿ ಹಾಸಿ, ಅದ್ರಲ್ಲೇ ನಿನ್ನ ಮಲಗಿಸ್ಕೊಂಡು ಓಡ್ದ. ಜನ ದಾರಿ ಬಿಡ್ಲಿ ಅಂತ ಆಸ್ಪತ್ರೆ ಗೇಟಿನವರೆಗೂ ಬಾಯಲ್ಲೇ ಸೈರನ್ನು ಕೂಗ್ತಾ… ಅಲ್ಲಿಂದ ದಿನಾ ವಾಪಸ್ ಕಳಿಸ್ತಿದ್ರು, ನೆಂಟನೂ ಅಲ್ಲ, ಗಂಡನೂ ಅಲ್ಲ ಅಂತ.”

ಅವಳು ಓಡಿದಳು. ಬೀದಿಯಲ್ಲಿ ಗಾಡಿ ಇತ್ತು. ಮಹದೇವು ಇರಲಿಲ್ಲ. ಅಲ್ಲೇ ಬಿದ್ದಿದ್ದವನನ್ನು ಯಾರೋ ಆಸ್ಪತ್ರೆಗೆ ಹೊತ್ತೊಯ್ದಿದ್ದರು.

ಹೆಚ್ಚು ಹೇಳುವುದೇನು? ಜ್ವರ ಶ್ವಾಸಕೋಶಕ್ಕೆ ಇಳಿದಿತ್ತು. ಉಸಿರಾಟದ ಯಂತ್ರಕ್ಕೆ ಹಾಕಿದರು. ಗಂಟಲು ಕೊಯ್ದು ಕೊಳವೆ ಇಟ್ಟರು. ನಂಜಮಣಿ ದಿನಾ ಕೆಲಸ ಮುಗಿಸಿ ಹೋಗಿ ಗೇಟಿನಲ್ಲಿ ನಿಲ್ಲುತ್ತಿದ್ದಳು. “ನೀವು ಅವರಿಗೆ ಏನಾಗ್ಬೇಕು?” ಎಂದು ಕೇಳುತ್ತಿದ್ದರು.

ಏನಾಗಬೇಕು? ಶಾಪ ಹಾಕಿದವಳಾಗಬೇಕು!

ಒಂದೂವರೆ ತಿಂಗಳಿಗೆ ಜೀವ ಉಳಿಯಿತು. ದನಿ ಉಳಿಯಲಿಲ್ಲ. ನಂಜಮಣಿಗೆ ಹೇಳದೆ ಅವನನ್ನು ಅವನ ಒಡಹುಟ್ಟಿದ ಅಕ್ಕ ಶ್ರೀರಾಂಪುರದ ತನ್ನ ಮನೆಗೆ ಕರೆದುಕೊಂಡು ಹೋದಳು. ನಂಜಮಣಿ ಹುಡುಕಿಕೊಂಡು ಹೋದಾಗ ಆಕೆ ಬಾಗಿಲಲ್ಲೇ ಅಡ್ಡ ನಿಂತಳು.

“ಅವ್ನು ಯಾರನ್ನೂ ನೋಡಲ್ಲ ಅಂತಾನೆ ಕಣಮ್ಮ. ನಿನ್ನನ್ನಂತೂ ಬೇಡ್ವೇ ಬೇಡ ಅಂತ ಬರೆದು ತೋರಿಸ್ದ. ಹೋಗವ್ವ.”

ಸರಿಯಾಗೇ ಹೇಳಿದ… ಯಾವ ಮುಖ ಇಟ್ಕೊಂಡು ನಾನು ಬಂದೆ?

ಅವಳು ಅಳಲಿಲ್ಲ. ಜ್ವರಕ್ಕೆ ಹೆದರಿ ಮಹದೇವುವಿನ ಲೈನಿಗೆ ಅಷ್ಟು ದಿನವೂ ಯಾರೂ ಬಂದಿರಲಿಲ್ಲ. ಅಂಗಡಿಯಲ್ಲಿ ಅವನದರಂಥ ಒಂದು ಹೊಸ ಪ್ಲಾಸ್ಟಿಕ್ ಸೀಟಿ ಕೊಂಡಳು. ಮನೆಯಲ್ಲಿ ಎರಡೂ ಸೀಟಿಗಳನ್ನು ಬಿಸಿನೀರಿನಲ್ಲಿ ಅದ್ದಿ ಅದ್ದಿ ತೊಳೆದಳು. “ಇದೇನೇ ಹುಚ್ಚು?” ಎಂದಳು ಅವ್ವ.

ಮರುದಿನ ಬೆಳಿಗ್ಗೆ ಟೀ ಅಂಗಡಿಯಲ್ಲಿ ವೃಷಭೇಂದ್ರಪ್ಪನವರು ಕಿವಿ ನಿಮಿರಿಸಿದರು. ಎರಡು ಗಿಡ್ಡ, ಒಂದು ಉದ್ದ. ನಂಜಮಣಿ. ಎರಡು ತಾಸಿನ ನಂತರ ಪಕ್ಕದ ಲೈನಿನಿಂದ… ಒಂದು ಉದ್ದ, ಮೂರು ಗಿಡ್ಡ.

ಅವರು ಎದ್ದು ನೋಡಲಿಲ್ಲ. ಪೆನ್ನು ತೆಗೆದು ಮಹದೇವುವಿನ ಹೆಸರಿನ ಮುಂದೆ ಬರೆದರು: ಹಾಜರ್.

ಹೀಗೆ ನವೆಂಬರ್ ಕಳೆಯಿತು. ಅಂಗೈಯ ಬೊಬ್ಬೆ ಒಡೆದು ಮತ್ತೆ ಬೊಬ್ಬೆಯಾಯಿತು. ಅವನು ಬರಲ್ಲ ಅಂತ ಗೊತ್ತು. ಆದರೂ ಅವನ ಲೈನು ಅವನದಾಗೇ ಇರಲಿ. ಇನ್ನೇನು ಕೊಡಬಲ್ಲಳು ಅವಳು?

ಡಿಸೆಂಬರಿನ ಒಂದು ಬೆಳಿಗ್ಗೆ. ಹತ್ತು ಮಾರು ಆಚೆ ಏನೂ ಕಾಣದಷ್ಟು ಮಂಜು. ಅವನ ಬೀದಿಯಲ್ಲಿ ಅವನ ಸೀಟಿ ಊದಿ, ಗಾಡಿಯ ಪಕ್ಕ ಯಾರೋ ಬಂದು ನಿಂತದ್ದು ಗೊತ್ತಾಗಿ, ತಲೆಯೆತ್ತದೆಯೇ ಹೇಳಿದಳು: “ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಹಾಕಿ ಅಣ್ಣ.”

ಕಸ ಬೀಳಲಿಲ್ಲ. ಗಾಡಿಯ ಹಿಡಿಯ ಮೇಲೆ ಒಂದು ಕೈ ಬಂತು. ಸಣ್ಣಗಾಗಿದ್ದರೂ ಗುರುತಿನ ಕೈ.

ನಂಜಮಣಿ ತಲೆಯೆತ್ತಿದಳು. ಮಫ್ಲರ್ ಸುತ್ತಿದ ಕೊರಳು, ಒಳಗೆ ಹೋದ ಕೆನ್ನೆ… ಮಹದೇವು!

“ಮಾದೇವ…” ಅಷ್ಟೂ ದಿನ ತಡೆದಿದ್ದ ಅಳು ಒಡೆಯಿತು. “ನನ್ ಶಾಪ ಕಣೋ… ನನ್ ಬಾಯಿ ಸೇದೋಗ! ನಾನೇ ನಿನ್ ದನಿ ತಿಂದ್ಬುಟ್ಟೆ!”

ಅವನು ತಲೆ ಅಲ್ಲಾಡಿಸಿದ. ತುಟಿ ಆಡಿತು. ಹೊರಬಂದದ್ದು ಒಣ ಎಲೆ ಕಾಲಿಗೆ ಸಿಕ್ಕಂಥ ಸದ್ದು.

“ನಿನ್ ಶಾಪಕ್ಕೆ… ಅಷ್ಟು ಪವರ್ ಇದ್ದಿದ್ರೆ… ಕಂಟ್ರಾಕ್ಟರ್ ಯಾವತ್ತೋ ಕಲ್ಲಾಗ್ತಿದ್ದ.”

ಅಳುವಿನ ನಡುವೆ ಅವಳಿಗೆ ನಗು ನುಗ್ಗಿತು. ಮತ್ತೆ ಅಳು.

“ಮತ್ಯಾಕೆ ನನ್ನ ನೋಡಲ್ಲ ಅಂದೆ?”

“ನನ್ಹತ್ರ ಇದ್ದದ್ದೇ… ದನಿ. ಅದೂ ಇಲ್ದೆ… ಏನಂತ ನಿನ್ ಮುಂದೆ ನಿಲ್ಲಲಿ?” ಅವನು ಉಸಿರಿಗೆ ತಡಕಾಡಿದ. “ಲಕ್ಷ್ಮಮ್ಮಕ್ಕ ಬಂದು ಹೇಳ್ತು… ನನ್ ಸೀಟಿ ದಿನಾ ಕೇಳ್ತಾ ಅದೆ ಅಂತ. ನಂಬಲಿಲ್ಲ. ಇವತ್ತು ಮೂಲೇಲಿ ನಿಂತು… ಕೇಳ್ದೆ.”

“ಚೆನ್ನಾಗಿ ಊದಿದ್ನಾ?”

“ಮೂರನೇ ಗಿಡ್ಡ… ಸ್ವಲ್ಪ ಉದ್ದ ಆಯ್ತು.”

“ಥೂ!” ಅವಳು ಅವನ ಭುಜಕ್ಕೆ ಮೆಲ್ಲಗೆ ಒಂದು ಕೊಟ್ಟಳು. ಪೊರಕೆಯಿಂದಲ್ಲ, ಬೊಬ್ಬೆ ಬಂದ ಅಂಗೈಯಿಂದ. ಅವನು ಆ ಕೈಯನ್ನು ಹಿಡಿದ. ಬಿಡಿಸಿ ನೋಡಿದ.

“ಅವತ್ತು ಕೇಳಿದ್ಯಲ್ಲ ನಂಜೂ… ಸ್ವಂತ ದನೀಲಿ ಹೇಳು ಅಂತ. ಬೇರೆ ದನಿ ಎಲ್ಲಾ ಹೋದ್ವು. ಉಳಿದದ್ದು… ಇದೊಂದೇ. ಪಕ್ಕದ ಮನೆಗೂ ಕೇಳಲ್ಲ.”

“ನನ್ಗೆ ಕೇಳಿದ್ರೆ ಸಾಕು.”

“ಹಂಗಾದ್ರೆ… ಹತ್ರ ಬಾ.”

ಅವಳು ಹತ್ತಿರ ಬಂದಳು. ಅವನ ತುಟಿ ಅವಳ ಕಿವಿಯ ಬಳಿ ಆಡಿತು.

“ನನ್ನ ಮದ್ವೆ ಆಗ್ತೀಯಾ?”

ನಂಜಮಣಿ ಕೊರಳಲ್ಲಿದ್ದ ಅವ್ವನ ಹಿತ್ತಾಳೆ ಸೀಟಿಯನ್ನು ತುಟಿಗಿಟ್ಟು, ಇರುವ ಉಸಿರನ್ನೆಲ್ಲ ಸೇರಿಸಿ ಊದಿದಳು.

ಎರಡು ಗಿಡ್ಡ… ಒಂದು ಉದ್ದ.

“ಇದೇನಿದು?” ಅಂದ ಮಹದೇವು. “ನಾನು ಕೇಳಿದ್ದಕ್ಕೆ… ಉತ್ತರ ಎಲ್ಲಿ?”

“ಇದೇ ಕಣೋ ಉತ್ತರ,” ಎಂದಳು ನಂಜಮಣಿ, ಅವನ ಮಫ್ಲರಿನಲ್ಲೇ ಕಣ್ಣೊರೆಸಿಕೊಳ್ಳುತ್ತಾ. “ಹಾಜರ್ ಅಂತ.”