ಅಪ್ಪ ಎತ್ತದ ಫೋನು

"ನೀವು ಕೊಟ್ಟಿದ್ದು ಕಂಪ್ಯೂಟರೋ, ಕಬ್ಬಿಣದ ಟ್ರಂಕೋ?"

ವಸಂತ್ ಜೊತೆ ನಾನಾಡಿದ ಮೊದಲ ಮಾತು ಇದು. ಅದೂ ಫೋನಿನಲ್ಲಿ, ಅದೂ ಕಿರುಚಿ. ನಮ್ಮ ಮನೆಯ ಕಂಪ್ಯೂಟರನ್ನು ಜೋಡಿಸಿಕೊಟ್ಟಿದ್ದು ಅವನ ಅಂಗಡಿ. ಎಂ.ಎಸ್ಸಿ. ಪ್ರಾಜೆಕ್ಟ್ ಕೊಡುವ ದಿನ ಹತ್ತಿರ ಬಂದಿತ್ತು, ನನ್ನ ಫ್ಲಾಪಿ ಒಳಗೇ ಹೋಗುತ್ತಿರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಏನು ಮಾಡಲಿ?

ದಸರಾ ಮುಗಿದ ಮಾರನೆಯ ಬೆಳಗ್ಗೆ, ಒಂಟಿಕೊಪ್ಪಲಿನ ನಮ್ಮ ಮನೆಗೆ ಸ್ಕ್ರೂಡ್ರೈವರ್ ಹಿಡಿದು ಬಂದ. ಫ್ಲಾಪಿ ಹಾಕುವ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿದ. ಕ್ಯಾಬಿನೆಟ್ ಬಗ್ಗಿಸಿ ಮೆಲ್ಲಗೆ ತಟ್ಟಿದ. ಅವನ ಅಂಗೈಗೆ ಅರಿಶಿನದ ಅಕ್ಷತೆ ಉದುರಿತು.

"ಆಯುಧಪೂಜೆ ಜೋರಾಗೇ ಆಗಿದೆ."

"ಅದು... ನಮ್ಮಪ್ಪ ಹಾಕಿದ್ದು."

"ಅಕ್ಷತೆ ಅಪ್ಪಂದು. ಬೈಗುಳ ಮಾತ್ರ ನನಗೆ!"

ಹೇಳಿ ತಲೆಯೆತ್ತಿ ನೋಡಿದ. ನಗು ತುಟಿಗೆ ಬಂದಿರಲಿಲ್ಲ, ಕಣ್ಣಿನ ಅಂಚಿನಲ್ಲೇ ನಿಂತಿತ್ತು. ನಾನು ಕಿಟಕಿಯ ಪರದೆ ಸರಿಪಡಿಸಲು ಹೋದೆ. ಅದು ಸರಿಯಾಗಿಯೇ ಇತ್ತು.

ಕಾರ್ಪೊರೇಷನ್ ಎಲೆಕ್ಷನ್ ಹತ್ತಿರವಿದ್ದ ದಿನಗಳು. ಅಪ್ಪನಿಗೆ ಯಾರು ಸಿಕ್ಕರೂ ರಾಜಕೀಯ ಬೇಕು.

"ನಮ್ಮ ವಾರ್ಡಿನ ಕಾರ್ಪೊರೇಟರು ಎಲ್ಲರ ಮನೆಗೂ ನಲ್ಲಿ ಹಾಕಿಸಿದ್ರು ಕಣಪ್ಪ. ಈ ಸಲಾನೂ ಅವರೇ ಬರ್ಬೇಕು."

"ನಲ್ಲಿ ಕೊಟ್ರು ಸಾರ್. ನೀರು ಕೊಟ್ರಾ?"

ಅಪ್ಪ ಪೇಪರ್ ಮಡಚಿಟ್ಟರು. ಕಾಶೀಲಿ ಕಾಣೆಯಾದ ನೆಂಟ ಸಿಕ್ಕಿದ ಹಾಗೆ ಅವರ ಮುಖ ಅರಳಿತು. "ಕೂತ್ಕೊಳ್ಳಯ್ಯ. ನಿಮ್ಮ ಕಡೆ ಬರುತ್ತೇನು? ಯಾವ ಕಡೆ ನಿಮ್ದು?"

"ಅಶೋಕಪುರಂ ಸಾರ್. ಬರುತ್ತೆ, ರಾತ್ರಿ ಎರಡಕ್ಕೆ."

ಅಶೋಕಪುರಂ ಎಂದರೆ ದಲಿತರ ಬಡಾವಣೆ. ಆ ಹೆಸರು ಕೇಳಿದಾಗ ಅಮ್ಮನ ಕೈಯಲ್ಲಿದ್ದ ಕಾಫಿ ಲೋಟ ಒಂದು ಕ್ಷಣ ಅಲ್ಲೇ ನಿಂತಿತು. ವಸಂತ್ ಅದನ್ನು ನೋಡಿದ, ನೋಡದವನಂತೆ ಸ್ಕ್ರೂ ಹೆಕ್ಕತೊಡಗಿದ. ಬಸವಜಯಂತಿಗೆ ಬೀದಿಯಲ್ಲಿ ಮೈಕ್ ಹಿಡಿದು ಜಾತಿಯಿಲ್ಲ ಎಂದು ಭಾಷಣ ಮಾಡುವ ನನ್ನಪ್ಪ ಗುರುಮಲ್ಲಪ್ಪ, "ಕೊಡೇ ಸರ್ವಮಂಗಳಾ, ಆರೋಗುತ್ತೆ" ಎಂದರು. ಅಮ್ಮ ಕೊಟ್ಟಳು. ಆದರೆ ಆ ಒಂದು ಕ್ಷಣ ನನ್ನೊಳಗೆ ಮುಳ್ಳಿನಂತೆ ಉಳಿಯಿತು. ಕಾಫಿ ಕೊಡುವುದು ಬೇರೆ, ಮಗಳನ್ನು ಕೊಡುವುದು ಬೇರೆ.

ಹೋಗುವಾಗ ಒಂದು ಕಾರ್ ರೇಸ್ ಗೇಮ್ ಹಾಕಿಕೊಟ್ಟ. ಮೋಡೆಮ್‌ನಿಂದ ಒಬ್ಬರು ಇನ್ನೊಬ್ಬರ ಮನೆಗೆ ಫೋನ್ ಮಾಡಿದರೆ ಇಬ್ಬರೂ ಒಂದೇ ರಸ್ತೆಯಲ್ಲಿ ಓಡಿಸಬಹುದಂತೆ. ಗುಂಡು ಹಾರಿಸುವ ಆಟಗಳು ನನಗೆ ಹಿಡಿಸುವುದಿಲ್ಲ, ಇದು ಹಿಡಿಸಿತು. ನಿಜ ಹೇಳಬೇಕೆಂದರೆ ಆಟವಲ್ಲ, ಪರದೆಯ ಕೆಳಗಿದ್ದ ಒಂದು ಸಾಲು ಬರೆಯುವ ಜಾಗ ಹಿಡಿಸಿತು. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುತ್ತಿದ್ದೆವು.

'ಬ್ರೇಕ್ ಅನ್ನೋದು ಒಂದಿದೆ, ಗೊತ್ತಾ?'

'ನಿಮ್ಮ ರಸ್ತೆ ಸರಿಯಿಲ್ಲ.'

'ಕಾರ್ಪೊರೇಟರಿಗೆ ಅರ್ಜಿ ಕೊಡಿ.'

ನಾನು ಗೋಡೆಗೆ ಗುದ್ದುವುದು, ಅವನು ಮುಂದಿನ ತಿರುವಿನಲ್ಲಿ ಕಾರು ನಿಲ್ಲಿಸಿ ಕಾಯುವುದು. ಕಾಯಬೇಡಿ ಎಂದರೆ, 'ಪೆಟ್ರೋಲ್ ಉಳಿಸ್ತಿದ್ದೀನಿ' ಎನ್ನುವನು.

ನಮ್ಮಿಬ್ಬರ ನಡುವೆ ಒಬ್ಬರೇ ವಿಲನ್, ಅಪ್ಪ. ನಡುಮನೆಯಲ್ಲಿ ಫೋನ್ ಎತ್ತಿದರೆ ಸಾಕು, ಲೈನ್ ಕಟ್ಟಾಗಿ ನನ್ನ ಕಾರು ಕಲ್ಲಾಗುತ್ತಿತ್ತು. "ಏನೇ ಇದು ಸುಷ್ಮಾ, ಫೋನೊಳಗೆ ಕಪ್ಪೆ ವಟಗುಟ್ಟಿದ ಹಾಗೆ!" ಎಂದು ಕೂಗುವರು. ನನಗೆ ಅಳುವೇ ಬರುತ್ತಿತ್ತು.

ಅಷ್ಟರಲ್ಲಿ ನಂಜನಗೂಡಿನ ಅಕ್ಕಿ ಗಿರಣಿಯವರು ನನ್ನನ್ನು ನೋಡಿ ಒಪ್ಪಿಕೊಂಡು ಹೋದರು. ನಮ್ಮ ಜನ, ಒಳ್ಳೆಯ ಮನೆತನ, ಬಾಯಿ ತುಂಬಾ ಮಾತಾಡಿಸಿದರು. ಬೇಡ ಎನ್ನಲು ನನ್ನ ಬಳಿ ಹೇಳಿಕೊಳ್ಳುವಂಥ ಕಾರಣವಿರಲಿಲ್ಲ. ಇದ್ದ ಕಾರಣವನ್ನು ಹೇಳುವಂತಿರಲಿಲ್ಲ.

ಗುರುವಾರ ಅಪ್ಪ ಹೇಳಿದರು, "ಸಾಯಂಕಾಲ ಏಳಕ್ಕೆ ಅವರಿಗೆ ಫೋನ್ ಮಾಡಿ ಹೂಂ ಅಂದ್ಬುಡ್ತೀನಿ ಕಣಮ್ಮ." ನಾನು ತಲೆ ತಗ್ಗಿಸಿದೆ. ನನ್ನ ಉತ್ತರಕ್ಕೆ ಕಾಯುವವರಂತೆ ಅವರು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಹೋದರು.

ಆರೂವರೆಗೆ ಮೋಡೆಮ್ ಹಚ್ಚಿದೆ. ಕಪ್ಪೆ ವಟಗುಟ್ಟಿತು. ಆ ಕಡೆಯಿಂದ ಅವನು ಬಂದ.

'ಇದು ಕೊನೇ ರೇಸ್' ಎಂದು ಬರೆದೆ. ಏಕೆ ಎಂಬುದನ್ನೂ ಬರೆದೆ.

ಅವನು ಕಾರು ಓಡಿಸಿದ. ನಾನೂ ಓಡಿಸಿದೆ. ಆ ದಿನ ಒಂದು ಗೋಡೆಗೂ ಗುದ್ದಲಿಲ್ಲ, ನೋಡಿ! ಗೆರೆಗೆ ಸ್ವಲ್ಪ ಮೊದಲು ಅವನ ಕಾರು ನಿಂತಿತ್ತು. ಪಕ್ಕದಲ್ಲಿ ನನ್ನದನ್ನೂ ನಿಲ್ಲಿಸಿದೆ. ಯಾರು ದಾಟಿದರೂ ಆಟ ಮುಗಿಯುತ್ತಿತ್ತು.

'ದಾಟಿ' ಎಂದ.

'ನೀವು ದಾಟಿ.'

ಹೊರಗೆ ಎಲೆಕ್ಷನ್ ಆಟೋ ಕೂಗುತ್ತಾ ಹೋಯಿತು. ಅರ್ಧ ತೆರೆದ ಬಾಗಿಲಿನಿಂದ ನಡುಮನೆ ಕಾಣುತ್ತಿತ್ತು. ಅಪ್ಪ ಕನ್ನಡಕ ಏರಿಸಿಕೊಂಡು ಫೋನಿನ ಹತ್ತಿರ ಬಂದರು. ರಿಸೀವರಿನ ಮೇಲೆ ಕೈಯಿಟ್ಟರು. ಇನ್ನು ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿ, ಒಂದು ಸಾಲು ಹೊಡೆದೆ.

'ನನಗೆ ನಂಜನಗೂಡು ಬೇಡ.'

'ಮತ್ತೆ?'

'ಅಶೋಕಪುರಂ.'

ನಡುಮನೆಯ ಕಡೆ ತಿರುಗಿದೆ. ಅಪ್ಪ ಅಲ್ಲಿರಲಿಲ್ಲ. ಬಾಗಿಲಲ್ಲಿ ಚಪ್ಪಲಿಯ ಸದ್ದು. ಪರದೆಯ ಮೇಲೆ ಉತ್ತರ ಮೂಡಲು ಒಂದು ಯುಗವೇ ಹಿಡಿಯಿತು.

'ನಮ್ಮ ಕಡೆ ನೀರು ರಾತ್ರಿ ಎರಡಕ್ಕೆ ಬರೋದು.'

'ಎದ್ದು ಹಿಡೀತೀನಿ.'

'ನಾನೂ ಏಳ್ತೀನಿ' ಎಂದ. ಆಮೇಲೆ, 'ನಿಮ್ಮ ಬೈಗುಳ ಕೇಳಿದ ದಿನದಿಂದ ಇದನ್ನ ಹೇಳಬೇಕು ಅಂತಿದ್ದೆ. ಧೈರ್ಯ ಆಗ್ಲಿಲ್ಲ. ಮನೆಗೆ ಬಂದು ನಾನೇ ಕೇಳ್ತೀನಿ.'

ನಾನು ಅಳುತ್ತಾ ನಗುತ್ತಿದ್ದೆ.

ಅಪ್ಪ ಮರಳಿ ಬಂದಾಗ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪಿತ್ತು. ಅಮ್ಮ ಕೇಳಿದಳು, "ನಂಜನಗೂಡಿಗೆ ಫೋನ್ ಮಾಡ್ಬೇಕು ಅಂದ್ಬುಟ್ಟು ಎಲ್ಲಿಗ್ ಹೋಗಿದ್ರಿ?"

"ಮಾಡ್ದೆ. ಚೆಲುವರಾಜು ಎಸ್.ಟಿ.ಡಿ. ಬೂತಿಂದ."

"ಮನೇಲಿ ಫೋನಿಟ್ಕೊಂಡು ಬೂತಿಗ್ಯಾಕ್ರೀ?"

"ಎತ್ತಿದ್ರೆ ಇವಳ ಲೈನ್ ಕಟ್ಟಾಗುತ್ತಲ್ಲ. ಮನಸ್ಸು ಬರ್ಲಿಲ್ಲ."

ನಾನು ಬಾಗಿಲಿಗೆ ಒರಗಿ ನಿಂತಿದ್ದೆ. "ಅವರಿಗೆ ಏನಂದ್ರಿ ಅಪ್ಪ?"

"ನಮ್ಮ ಹುಡುಗಿ ಮನಸ್ಸು ಬೇರೆ ಕಡೆ ಇದೆ, ತಪ್ಪು ತಿಳ್ಕೋಬೇಡಿ ಅಂದೆ." ಬಾಳೆಹಣ್ಣನ್ನು ಮೇಜಿನ ಮೇಲಿಟ್ಟರು. "ಚಿಕ್ಕವಳಿದ್ದಾಗಿಂದ ನಿನ್ನ ನೋಡಿದೀನಿ. ಚೌಕಾಬಾರದಲ್ಲಿ ಸೋತ್ರೆ ಕವಡೆ ಎಸೆದು ಊಟ ಬಿಡ್ತಿದ್ದೆ. ಈಗ ಆ ಕಂಪ್ಯೂಟರ್ ಹುಡುಗನ ಹತ್ರ ದಿನಾ ಸೋತು ಸೋತು ನಗ್ತೀಯ. ನಾನೇನು ಕುರುಡನಾ?"

ಹೋಗಿ ಅವರ ಕಾಲು ಮುಟ್ಟಿದೆ.

"ಏಳು, ಏಳು. ಬೀದೀಲಿ ಭಾಷಣ ಮಾಡ್ಬುಟ್ಟು ಮನೇಲಿ ಸುಮ್ನಿದ್ರೆ ಎಂಗೆ? ಭಾನುವಾರ ಅಪ್ಪ ಅಮ್ಮನ್ನ ಕರ್ಕೊಂಡು ಬರೋಕೆ ಹೇಳು ಅವನಿಗೆ. ಆ ನೀರಿನ ವಿಷಯ ಇನ್ನೂ ಮುಗಿದಿಲ್ಲ."

ನಾನು ಅಮ್ಮನ ಮುಖ ನೋಡಲು ಹೆದರಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಕಾಫಿಗೆ ಸಕ್ಕರೆ ಕಮ್ಮಿ ಅಂತ ಅವತ್ತು ಅರ್ಧ ಬಿಟ್ಟಿದ್ದ. ಈ ಸಲ ಎಷ್ಟು ಹಾಕ್ಲಿ, ಕೇಳಿ ಹೇಳೇ" ಎಂದಳು.

ಎಷ್ಟೋ ದೇವರಿಗೆ ಕೈ ಮುಗಿದಿದ್ದೇನೆ. ಆದರೆ ಋಣ ಎಂದಾಗ ನನಗೆ ಇವತ್ತಿಗೂ ನೆನಪಾಗುವುದು ರಿಸೀವರಿನ ಮೇಲಿಂದ ಹಿಂದೆ ಸರಿದ ಆ ಕೈ.

ಓಡಿಹೋಗಿ ಮತ್ತೆ ಮೋಡೆಮ್ ಹಚ್ಚಿದೆ. ಕಪ್ಪೆ ವಟಗುಟ್ಟತೊಡಗಿತು. ನಡುಮನೆಯಿಂದ ಅಪ್ಪನ ಗದರಿಕೆ ಕೇಳಿತು.

"ಯಾರೂ ಫೋನ್ ಮುಟ್ಬೇಡಿ ಕಣ್ರೀ!"