ಮೂರು ದಾರಿಯಲ್ಲಿ ಇಟ್ಟದ್ದು

“ಮುಟ್ಟಬ್ಯಾಡ್ರೀ ಯಪ್ಪಾ! ಅದು ಇಳಿಸಿ ಇಟ್ಟದ್ದು!”

ಕುರುಗೋಡಿನ ಹೊರಗೆ ಮೂರು ದಾರಿ ಕೂಡುವಲ್ಲಿ ಮಿರ್ಚಿ ಕರಿಯುತ್ತಿದ್ದ ಪಾರಮ್ಮ ಸೌಟು ಹಿಡಿದೇ ಎದ್ದು ನಿಂತಳು. ಹಂಪೇಶ್ ಆಗಲೇ ಮೊಣಕಾಲೂರಿದ್ದ. ಅವನೆದುರು ಒಡೆದ ಬೂದುಗುಂಬಳ, ಕುಂಕುಮ ಕಲಸಿದ ಅನ್ನ, ಕೊಯ್ದ ನಿಂಬೆಹಣ್ಣು. ನಡುವೆ, ಸುಡುವ ಬಿಸಿಲಿನಲ್ಲಿ ಎದೆಯುಬ್ಬಿಸಿ ನಿಂತಿತ್ತು ಬೆರಳುದ್ದದ ಪ್ಲಾಸ್ಟಿಕ್ ಸೂಪರ್‌ಹೀರೋ. ಬೆನ್ನಿಗೆ ಕೆಂಪು ಮೇಲಂಗಿ.

ಹಂಪೇಶ್ ಅದರ ಹತ್ತಿರಕ್ಕೆ ಬಗ್ಗಿದ. ಬಿಸ್ಕತ್ತಿನ ಪೊಟ್ಟಣದ ಜೊತೆ ಬರುತ್ತಿದ್ದ ಈ ಬೊಂಬೆಗಳಿಗಾಗಿ ಅವನು ಚಿಕ್ಕಂದಿನಲ್ಲಿ ಹಲ್ಲು ಹುಳುಕಾಗುವಷ್ಟು ಬಿಸ್ಕತ್ತು ತಿಂದಿದ್ದ. ನೀಲಿ, ಹಸಿರು, ಹಳದಿ ಎಲ್ಲ ಸಿಕ್ಕಿದ್ದವು. ಕೆಂಪು ಮಾತ್ರ ಇಲ್ಲ. ತಲೆಗೂದಲು ತೆಳುವಾಗಿ, ಬಳ್ಳಾರಿಯ ಪಾರ್ವತಿನಗರದ ಮನೆಯಲ್ಲಿ ಒಂದು ಕೋಣೆ ಪೂರಾ ಸೂಪರ್‌ಹೀರೋಗಳ ಗಾಜಿನ ಕಪಾಟಾಗಿ, ಗಣಿಯ ಅದಿರಿನಿಂದ ಹುಟ್ಟಿದ ‘ಅದಿರುವೀರ’ನ ಕಾಮಿಕ್ಸ್ ತಾನೇ ಬರೆಯುವಷ್ಟು ಬೆಳೆದ ಮೇಲೂ ಆ ಕಪಾಟಿನಲ್ಲಿ ಒಂದು ಜಾಗ ಖಾಲಿ ಉಳಿದಿತ್ತು. ಹೊಸ ಕತೆಗೆ ಬಂಡೆಗುಡ್ಡಗಳ ಫೋಟೊ ತೆಗೆಯಲು ಇಲ್ಲಿಗೆ ಬಂದರೆ, ಆ ಜಾಗದ ಒಡೆಯ ದಾರಿಯಲ್ಲೇ ಕಾದು ನಿಂತಿದ್ದ!

“ಯಾವ ಕೂಸಿನ ಜಡ್ಡೋ ಏನೋ! ಕಾಲಾಗ ಸುದ್ದಾ ದಾಟಬಾರದ್ರಿ.”

“ಮುಟ್ಟಬ್ಯಾಡ್ರೀ ಯಪ್ಪಾ!” ಹಂಪೇಶ್ ಅವಳ ನಡುಗುವ ದನಿಯನ್ನೇ ತೆಗೆದು ಅಣಕಿಸಿದ. ಮಿರ್ಚಿಗೆ ಕಾದಿದ್ದ ಇಬ್ಬರು ನಗಲು ಹೋಗಿ ನುಂಗಿಕೊಂಡರು. “ಅಂಜಬ್ಯಾಡ ಅಜ್ಜಿ. ಇಂವ ಸೂಪರ್‌ಹೀರೋ. ಭೂತ ಇದ್ರ ಅದಾ ಇವನ ಕಡಿಂದ ಒದಿ ತಿಂತೈತಿ.”

ಕುಂಕುಮ ಒರೆಸಿ ಜೇಬಿಗಿಳಿಸಿದ. ಬೊಂಬೆ ಮಾಟವಾಗಿತ್ತು. ಅದರೊಳಗೂ ಮಾಟವಿತ್ತು. ಅವನ ಕಣ್ಣಿಗೆ ಬಿದ್ದದ್ದು ಮೊದಲನೆಯದು ಮಾತ್ರ.

ಕಪಾಟಿನ ಖಾಲಿ ಜಾಗ ತುಂಬಿತು. ಗಾಜು ಮುಚ್ಚಿ, ಎಸಿ ಹಾಕಿ, ದೀಪ ಹೊತ್ತಿಸಿ, ಹಂಪೇಶ್ ಬಹಳ ಹೊತ್ತು ನೋಡುತ್ತ ನಿಂತ. ಕೋಣೆಯಲ್ಲಿ ಎಲ್ಲಿಂದಲೋ ಸುಟ್ಟ ಕೂದಲಿನ ಕಮಟು ಬಂತು. ವೈರಿಂಗ್ ಇರಬೇಕು ಅಂದುಕೊಂಡ.

ಮಗಳು ರಶ್ಮಿಗೆ ಏಳು ವರ್ಷ. ಅಪ್ಪ ಅದಿರುವೀರನ ಗಡಸು ದನಿಯಲ್ಲಿ “ಬೆಟ್ಟ ಅದಿರಲಿ, ಅದಿರುವೀರ ಅದಿರ!” ಎನ್ನದೆ ತುತ್ತು ಬಾಯಿಗಿಡುವವಳಲ್ಲ. ಆ ಸಂಜೆ ಮಾತ್ರ ತಟ್ಟೆಯ ಮುಂದೆ ಕೂತು, ಯಾವುದೋ ಹುಡುಗನ ಕಟ್ಟಿದ ಗಂಟಲಲ್ಲಿ, “ನನ್ನ ಬೊಂಬಿ ಕೊಡ್ರಿ” ಎಂದಳು.

“ಭಲೇ! ಅಪ್ಪನ ಮಗಳು ಅಂದ್ರ ಇವಳು! ಇನ್ನೊಮ್ಮಿ ಮಾಡು ಪುಟ್ಟಿ.”

“ನನ್ನ ಬೊಂಬಿ ಕೊಡ್ರಿ.”

ಅವನ ಹೆಂಡತಿ ಸುನಂದಾಳ ಕೈಯಿಂದ ರೊಟ್ಟಿ ಜಾರಿತು. “ರೀ... ಆಕಿ ಬಾಯಿ ನೋಡ್ರಿ.”

ರಶ್ಮಿಯ ತುಟಿ ಮುಚ್ಚಿಯೇ ಇತ್ತು.

ಆಮೇಲೆ ಜ್ವರ. ಆಸ್ಪತ್ರೆಯ ರಿಪೋರ್ಟುಗಳೆಲ್ಲ ನಾರ್ಮಲ್, ಮಗಳೊಬ್ಬಳೇ ಅಲ್ಲ. ಕೈಕಾಲು ಕಡ್ಡಿಯಾದವು. ಉಸಿರಿನಲ್ಲಿ ಕೊಳೆತ ಕುಂಬಳದ ನಾತ. ಕೊನೆಗೆ ಡಾಕ್ಟರು ಕಣ್ಣು ತಪ್ಪಿಸಿ, ಮನೆಗೆ ಕರೆದೊಯ್ಯಿರಿ ಎಂದರು. ಸುನಂದಾ ಗಂಡನ ಬಾಯಿಂದ ಬೊಂಬೆಯ ಸಂಗತಿ ಹೊರಡಿಸಿ, ಕುರುಗೋಡಿಗೆ ಓಡಿದಳು. ಪಾರಮ್ಮ ಬೈದಳು, ಅತ್ತಳು, ಊರೊಳಗೆ ವಿಚಾರಿಸಿ ಅದನ್ನು ಇಳಿಸಿಟ್ಟವನ ಹೆಸರು ಹೇಳಿದಳು. ಸಿರುಗುಪ್ಪದಾಚೆ, ಕೆಂಚನಗುಡ್ಡದ ಮೂಕಪ್ಪ.

ಮೂಕಪ್ಪ ಹೆಸರಿಗಷ್ಟೇ ಮೂಕ. ಬಾಯಿ ತುಂಬ ಗುಟ್ಕಾ, ಅದರ ಮೇಲೆ ಮಾತು. ಹೊಳೆದಂಡೆಯ ಅವನ ಕಿಟಕಿಯಿಲ್ಲದ ಕೋಣೆಯಲ್ಲಿ ಹಗಲಿಗೂ ಕತ್ತಲು. ಲೋಬಾನದ ಹೊಗೆ, ಸುಟ್ಟ ಮೆಣಸಿನಕಾಯಿಯ ಘಾಟು. ಮೂಲೆಯಲ್ಲಿ ಕಾಲು ಕಟ್ಟಿದ ಕೋಳಿಯೊಂದು ರೆಕ್ಕೆ ಬಡಿಯುತ್ತಿತ್ತು.

ಹಂಪೇಶ್ ಹೊತ್ತು ತಂದ ರಶ್ಮಿಯನ್ನು ನೆಲದ ಮೇಲೆ ಮಲಗಿಸಿ, ಬೊಂಬೆಯನ್ನು ಮುಂದಿಟ್ಟ. “ವಾಪಸ್ ಅಲ್ಲೇ ಇಟ್ಟು ಬರ್ತೀನಣ್ಣ.”

ಮೂಕಪ್ಪ ಅದನ್ನೆತ್ತಿ ಬೆನ್ನು ಕೆರೆದುಕೊಂಡ. “ಇದರಾಗ ಇನ್ನೇನೈತಿ? ಬರೇ ಪ್ಲಾಸ್ಟಿಕ್. ಕುರುಗೋಡಿನ ಒಬ್ಬ ಹುಡುಗಗ ದಾಯಾದಿಗಳು ಮಾಡಿಸಿದ್ದನ್ನ ಇದರಾಗ ಇಳಿಸಿದ್ದೆ. ಬಿಸಿಲಾಗ ಒಣಗಿ ಸಾಯ್ತಿತ್ತು. ನೀ ಒಯ್ದು, ಗಾಜಿನ ಮನಿ ಕೊಟ್ಟು, ತಂಪು ಮಾಡಿ ಸಾಕಿದಿ. ಮನಿಯಾಗ ಕೂಸು ಬ್ಯಾರೆ. ಅದು ಸುಮ್ನ ಕುಂದರ್ತೈತೇನು?”

“ನನ್ನ ಮಗಳು ಉಳೀತಾಳೇನ್ರಿ?” ಸುನಂದಾ ಕೇಳಿದಳು.

“ಹೊತ್ತು ಮುಳುಗೋದರಾಗ ಇಳಿಸಿದ್ರ ಉಳೀತಾಳ. ಆದ್ರ ಕೂಸು ಜೀವಕ್ಕಿಂತ ಹೆಚ್ಚು ಹಚ್ಚಿಕೊಂಡಿರಬೇಕು, ಅಂಥಾದರಾಗ ಮಾತ್ರ ಇಳೀತೈತಿ. ಆ ಹುಡುಗ ಈ ಬೊಂಬಿ ಬಿಟ್ಟು ಮಲಗ್ತಿದ್ದಿಲ್ಲ.”

ಹಂಪೇಶ್ ಕಾರಿಗೆ ಓಡಿ ಚೀಲ ತಂದು ಸುರಿದ. ರಶ್ಮಿಯ ಕರಡಿ, ಬಣ್ಣದ ಡಬ್ಬಿ, ಗೆಜ್ಜೆ. ಮೂಕಪ್ಪ ಒಂದೊಂದನ್ನೇ ಅವಳ ಎದೆಗೆ ಮುಟ್ಟಿಸಿ, ತಲೆಯಾಡಿಸಿ, ಬದಿಗೆಸೆದ. ಕೊನೆಗೆ ಅವಳ ಕಿವಿಗೆ ಬಗ್ಗಿದ.

“ನಿನಗ ಎಲ್ಲಾಕಿಂತ ಹೆಚ್ಚು ಏನು ಬೇಕವ್ವಾ?”

ಕಡ್ಡಿಯಂಥ ಬೆರಳು ಎದ್ದಿತು. ಹೊಗೆಯಲ್ಲಿ ತಡವರಿಸಿತು. ಹಂಪೇಶನ ಕಡೆ ತಿರುಗಿ ನಿಂತಿತು.

“ಅಪ್ಪ.”

ಅವಳದೇ ದನಿ. ಮೂಲೆಯ ಕೋಳಿ ಸುಮ್ಮನಾಯಿತು.

ಊರಿಗಾಗಿ ಪ್ರಾಣ ಕೊಡುವ ವೀರರನ್ನು ಹುಟ್ಟಿದಾಗಿನಿಂದ ಓದಿದವನು, ಬರೆದವನು, ಧೂಳು ಕೂರದಂತೆ ಒರೆಸಿದವನು ಹಂಪೇಶ್. ಈಗ ಮಗಳ ಮೇಲೆ ಬಗ್ಗಿ, ಅವಳಿಗೆ ಪ್ರೀತಿಯ ಆ ಗಡಸು ದನಿ ತೆಗೆದ.

“ಪುಟ್ಟೀ, ಅದಿರುವೀರ ಹೇಳ್ತಾನ, ಕೇಳು. ಅಮ್ಮ ಅನ್ನು. ಅಮ್ಮ ಅಂದ್ರ ನೀ ಜಾಣಿ. ಅನ್ನು... ಅಮ್ಮ.”

ಸುನಂದಾ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಏನೋ ಒಂದು ಆರಿಹೋಯಿತು.

“ಅಪ್ಪ,” ಎಂದಳು ರಶ್ಮಿ. ಅಪ್ಪನ ಆಟಕ್ಕೆ ನಕ್ಕಳು ಕೂಡ.

“ಸುನಂದಾ, ಬ್ಯಾರೆ ಡಾಕ್ಟರ್ ಇರ್ತಾರ. ಹೈದರಾಬಾದಿಗೆ ಹೋಗೋಣು, ನಾಳೆ ನಸುಕಿನಾಗ...”

“ಹೊತ್ತು ಮುಳುಗಾಕತ್ತೈತ್ರಿ,” ಎಂದಳು ಸುನಂದಾ, ಗಂಡನಿಗಲ್ಲ, ಮೂಕಪ್ಪನಿಗೆ. “ಕುಂಕುಮ ಎಲ್ಲೈತಿ?”

ಹಂಪೇಶ್ ಬಾಗಿಲಿಗೆ ತಿರುಗಿದ. ಅಂಗಿ ಜಗ್ಗಿತು. ಮಗಳ ಮುಷ್ಟಿ. ಎಳೆದ. ಬಿಡಲಿಲ್ಲ. ಜೋರಾಗಿ ಎಳೆದ. ಅವಳು ಚೀರಿದಳು, ಬಿಡಲಿಲ್ಲ. ಅವನ ನೆತ್ತಿಗೆ ಅನ್ನ ಬಿತ್ತು. ನಿಂಬೆ ಸಿಡಿಯಿತು. ಹೊಗೆ. ಮಂತ್ರದ ಗೊಣಗು. ಮೊಣಕಾಲು ಮಡಚಿತು. ಬೆನ್ನಿನೊಳಗೆ ತಣ್ಣನೆಯದೇನೋ ಹತ್ತತೊಡಗಿತು. ಮೂಳೆಯಿಂದ ಮೂಳೆಗೆ. ಕತ್ತಿಗೆ. ನಾಲಿಗೆಯ ಬುಡಕ್ಕೆ. ರಶ್ಮಿಯ ಹಣೆ ಬೆವರಿತು. ಅವನದು ಸುಡತೊಡಗಿತು. ಮುಷ್ಟಿ ತಾನಾಗಿ ಬಿಚ್ಚಿತು.

ಊರ ಹೊರಗೆ, ಭತ್ತದ ಗದ್ದೆಗಳ ನಡುವೆ ಮೂರು ದಾರಿ ಕೂಡುವಲ್ಲಿ, ಸುನಂದಾ, ಮೂಕಪ್ಪ ಇಬ್ಬರೂ ಸೇರಿ ಅವನನ್ನು ಕೂಡಿಸಿದರು. ತೊಡೆಯ ಮೇಲೆ ಒಡೆದ ಕುಂಬಳಕಾಯಿ ಇಟ್ಟರು. ಹಂಪೇಶ್ ಎದ್ದೇಳು ಎಂದು ತನ್ನ ಕಾಲಿಗೆ ಹೇಳಿದ. ಕಾಲು ಕೇಳಲಿಲ್ಲ.

“ತಿರುಗಿ ನೋಡಬ್ಯಾಡ ತಂಗಿ,” ಎಂದ ಮೂಕಪ್ಪ, ಗುಟ್ಕಾ ಉಗುಳಿ. “ಹೆಸರು ಹಿಡಿದು ಕರೀಬ್ಯಾಡ.”

ಕಾರಿನೊಳಗಿಂದ ರಶ್ಮಿಯ ದನಿ ಬಂತು. “ಅಮ್ಮಾ, ಹಸಿವಿ ಆಗೈತಿ. ದ್ವಾಸಿ ಕೊಡಸ್ತೀ? ಅಪ್ಪ ಬರಂಗಿಲ್ಲೇನು?”

ಸುನಂದಾ ಮಗಳ ಕಣ್ಣಿಗೆ ಸೆರಗು ಮುಚ್ಚಿದಳು. ಬಾಗಿಲು ಹಾಕಿದ ಸದ್ದು. ಎಂಜಿನ್ನಿನ ಸದ್ದು. ಆಮೇಲೆ ಧೂಳು.

ಗದ್ದೆಯ ಕೆಲಸ ಮುಗಿಸಿ ಬಂದ ಹೆಂಗಸರು ಅವನ ಹಣೆಯ ಕುಂಕುಮ ಕಂಡು, ಬಾಯಿಗೆ ಸೆರಗೊತ್ತಿ, ದಾರಿ ಬಿಟ್ಟು ಕೆಸರಿಗಿಳಿದರು. ‘ಎತ್ರಿ, ಯಾರಾದ್ರೂ ಎತ್ರಿ’ ಎಂದು ಹಂಪೇಶ್ ಕೂಗಿದ. ತುಟಿ ತೆರೆಯಲಿಲ್ಲ. ನೆತ್ತಿಯ ಅನ್ನಕ್ಕೆಂದು ಕಾಗೆಯೊಂದು ಇಳಿದು, ಕತ್ತು ಓರೆ ಮಾಡಿ ಅವನ ಕಣ್ಣನ್ನು ಹತ್ತಿರದಿಂದ ನೋಡಿ, ಒಂದಗುಳೂ ಮುಟ್ಟದೆ ಹಾರಿಹೋಯಿತು.

ಹೊತ್ತು ಮುಳುಗಿತು. ಒಣಗಿ ಸಾಯಲು ಬಿಸಿಲು ಬೇಕು. ಬಿಸಿಲಿಗೆ ಇನ್ನೂ ಇಡೀ ರಾತ್ರಿ ಬಾಕಿಯಿತ್ತು.